ಹೆಲಿಕಾಪ್ಟರ್ ಕಸುಬಿನವರಿಗೆ ಸಲ್ಲತಕ್ಕ ಮನ್ನಣೆ

ಒಂದು ಜನಾಂಗವು ಯಾರನ್ನು ಸಭೆಗೆ ಕರೆದು ಹಾರ ಹಾಕುತ್ತದೆಂಬುದನ್ನು ನೋಡಿದರೆ ಅದು ಯಾವ ಗುಣಕ್ಕೆ ಬೆಲೆ ಕಟ್ಟಿದೆಯೆಂಬುದು ತಾನಾಗಿಯೇ ತಿಳಿದುಬರುವುದು. ಕವಿಗಳಿಗೂ ಗಾಯಕರಿಗೂ ರಣಧೀರರಿಗೂ ಮನ್ನಣೆ ಮಾಡುವ ಪದ್ಧತಿಯು ನಮ್ಮಲ್ಲಿ ಪುರಾತನವಾದುದು. ಅದು ಮುಂದೆಯೂ ನಡೆಯತಕ್ಕುದೇ ಸರಿ. ಆದರೆ ಯಂತ್ರಗಳನ್ನು ಕಟ್ಟಿ, ಕಾಪಾಡಿ, ನಡೆಯಿಸಿ, ನೂರಾರು ಜನರ ಪ್ರಾಣವನ್ನು ತಮ್ಮ ಎಚ್ಚರಿಕೆಯೊಳಗೆ ಹಿಡಿದುಕೊಂಡಿರುವವರಿಗೆ ಯಾವ ಮನ್ನಣೆಯು ಸಲ್ಲಬೇಕೆಂಬುದನ್ನು ನಮ್ಮ ಸಮಾಜವು ಇನ್ನೂ ನೆಟ್ಟಗೆ ವಿಚಾರಿಸಿಲ್ಲ. ಈ ವಿಚಾರಕ್ಕೆ ಹೆಲಿಕಾಪ್ಟರ್ ಉದ್ಯಮಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯಲಾರದು. ಈ ಉದ್ಯಮವು ನಮಗೆ ಪರಕೀಯವಾದುದಲ್ಲ. ಬೆಂಗಳೂರಿನ ಕಾರ್ಖಾನೆಯಲ್ಲಿ ಹೆಲಿಕಾಪ್ಟರುಗಳು ತಯಾರಾಗತೊಡಗಿ ಅರ್ಧ ಶತಮಾನಕ್ಕೂ ಮೇಲಾಯಿತು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ೬೧೫ ಎಕರೆ ನೆಲದಲ್ಲಿ ಎದ್ದ ಹೊಸ ಕಾರ್ಖಾನೆಯು ೨೦೨೩ನೆಯ ಇಸವಿ ಫೆಬ್ರವರಿ ೬ರಂದು ಉದ್ಘಾಟನೆಯಾಯಿತು. ಆದುದರಿಂದ ಈ ಕಸುಬಿನ ಶ್ರೇಷ್ಠರನ್ನು ಹೇಗೆ ಗೌರವಿಸಬೇಕೆಂಬುದು ಕನ್ನಡಿಗರ ಮನೆಯಂಗಳದ ಪ್ರಶ್ನೆಯೇ ಆಗಿದೆ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಹಾರಿದವನಿಗೆ ಮಾತ್ರ ಪದಕ ತೊಡಿಸುವ ಗೌರವವು ಅರೆಗೌರವ. ಯಂತ್ರವನ್ನು ಸರಿಯಾಗಿ ಇಟ್ಟವನಿಗೂ, ಅದು ಸರಿಯಿಲ್ಲದಾಗ ಅಥವಾ ಹವೆಯು ಕೆಟ್ಟಾಗ ‘ಇಂದು ಹಾರಕೂಡದು’ ಎಂದು ತಡೆದವನಿಗೂ ಅದೇ ಪಂಕ್ತಿಯಲ್ಲಿ ಮಣೆ ಹಾಕಿದಾಗಲೇ ಅದು ಪೂರ್ಣವಾಗುವುದು.

ಹೆಲಿಕಾಪ್ಟರಿನ ಜನ್ಮವೃತ್ತಾಂತವನ್ನು ನೋಡಿದರೆ ಈ ಮಾತಿಗೆ ಆಧಾರವು ದೊರೆಯುವುದು. ಕೀವ್ ನಗರದಲ್ಲಿ ೧೮೮೯ರಲ್ಲಿ ಜನಿಸಿ, ರಷ್ಯದ ಕ್ರಾಂತಿಯ ತರುವಾಯ ಅಮೇರಿಕೆಗೆ ವಲಸೆ ಹೋದ ಇಗೋರ್ ಸಿಕೋರ್ಸ್ಕಿ ಮಹಾಶಯರ ಪ್ರಯೋಗದ ಯಂತ್ರವು ೧೯೩೯ನೆಯ ಇಸವಿ ಸೆಪ್ಟೆಂಬರ್ ೧೪ರಂದು ಕನೆಕ್ಟಿಕಟ್ ಪ್ರಾಂತದ ಸ್ಟ್ರಾಟ್‌ಫರ್ಡಿನಲ್ಲಿ, ಹಗ್ಗದ ಕಟ್ಟಿನೊಳಗೇ, ನೆಲದಿಂದ ಮೇಲೆದ್ದಿತು; ಮರುವರ್ಷದ ಮೇ ೧೩ರಂದು ಕಟ್ಟಿಲ್ಲದೆ ಹಾರಿತು. ಸ್ಪೇನಿನ ಹ್ವಾನ್ ದೆ ಲಾ ಸಿಯರ್ವಾ ಅವರು ೧೯೨೩ರಲ್ಲಿಯೇ ಸುತ್ತುವ ರೆಕ್ಕೆಗಳಿಗೆ ಕೀಲುಗಳನ್ನಿಟ್ಟು ಹಾರಿಸಿ ತೋರಿಸಿದ್ದರು. ಜರ್ಮನಿಯ ಹೈನ್ರಿಕ್ ಫೋಕೆ ಅವರ ಯಂತ್ರವು ೧೯೩೬ರಲ್ಲಿ ಹಾರಿತ್ತು. ಹೀಗೆ ಹಲವು ದೇಶಗಳ ಹಲವು ಕೈಗಳು ಸೇರಿ ಈ ಯಂತ್ರವಾಯಿತು. ಆದರೆ ಲೋಕವು ಇದನ್ನು ಆಟದ ವಸ್ತುವೆಂದು ನೋಡುವುದನ್ನು ಬಿಟ್ಟು ಗೌರವದಿಂದ ನೋಡತೊಡಗಿದುದು ಅದು ಪ್ರಾಣರಕ್ಷಣೆಗೆ ಒದಗಿದ ಮೇಲೆ.

೧೯೪೪ನೆಯ ಇಸವಿ ಜನವರಿ ೩ರಂದು ನ್ಯೂಯಾರ್ಕ್ ಬಂದರದ ಹೊರಗೆ ಟರ್ನರ್ ಎಂಬ ಯುದ್ಧನೌಕೆಯು ಸ್ಫೋಟಗೊಂಡಾಗ, ಹಿಮಗಾಳಿಯ ದೆಸೆಯಿಂದ ಬೇರೆ ವಿಮಾನಗಳು ಏಳಲಾರದ ಹೊತ್ತಿನಲ್ಲಿ, ಕರಾವಳಿ ರಕ್ಷಣಾದಳದ ಫ್ರಾಂಕ್ ಎರಿಕ್ಸನ್ ಎಂಬ ಅಧಿಕಾರಿಯು ಗಾಯಾಳುಗಳಿಗೆ ಬೇಕಾದ ರಕ್ತದ್ರವವನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ಸ್ಯಾಂಡಿ ಹುಕ್ ಎಂಬಲ್ಲಿಗೆ ಮುಟ್ಟಿಸಿದನು. ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಬರ್ಮಾದ ಕಾಡಿನಲ್ಲಿ ಶತ್ರುಗಳ ನಡುವೆ ಸಿಕ್ಕಿಬಿದ್ದಿದ್ದ ಒಬ್ಬ ವಿಮಾನಚಾಲಕನನ್ನೂ ಮೂವರು ಗಾಯಗೊಂಡ ಸೈನಿಕರನ್ನೂ ಕಾರ್ಟರ್ ಹಾರ್ಮನ್ ಎಂಬ ತರುಣ ಅಧಿಕಾರಿಯು ಒಬ್ಬೊಬ್ಬರನ್ನಾಗಿ ಹೊರಗೆ ತಂದನು. ಯುದ್ಧರಂಗದಲ್ಲಿ ಹೆಲಿಕಾಪ್ಟರ್ ಮಾಡಿದ ಮೊದಲನೆಯ ರಕ್ಷಣಾಕಾರ್ಯವೆಂದು ಪ್ರಸಿದ್ಧವಾದ ಈ ಕೆಲಸಕ್ಕೆ ಆ ಯಂತ್ರವು ಹೊರಟುದು ನಮ್ಮ ದೇಶದ ಅಸ್ಸಾಮಿನ ಲಾಲಾಘಾಟ್ ಎಂಬ ನೆಲೆಯಿಂದ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಇಂಜಿನಿನ ಶಕ್ತಿಯು ಬಹು ಅಲ್ಪವಾಗಿದ್ದುದರಿಂದ ಒಂದು ಸಾರಿಗೆ ಒಬ್ಬ ಪ್ರಯಾಣಿಕನಿಗಿಂತ ಹೆಚ್ಚು ಭಾರವನ್ನು ಅದು ಎತ್ತಲಾರದಾಗಿತ್ತು. ಮಾರನೆಯ ವರ್ಷ ನವೆಂಬರ್ ೨೯ರಂದು ಕನೆಕ್ಟಿಕಟ್ಟಿನ ಬ್ರಿಡ್ಜ್‌ಪೋರ್ಟ್ ಸಮೀಪದ ಸಮುದ್ರದಲ್ಲಿ ಬಂಡೆಗೆ ಸಿಕ್ಕಿ ಒಡೆಯುತ್ತಿದ್ದ ನಾವೆಯಿಂದ ಇಬ್ಬರನ್ನು ಹೆಲಿಕಾಪ್ಟರಿಗೆ ಸೇದಿಕೊಂಡು ಬದುಕಿಸಲಾಯಿತು.

ಇಷ್ಟೆಲ್ಲ ನಡೆದ ಮೇಲೆ ಅಮೇರಿಕದ ವಿಮಾನಯಾನದಲ್ಲಿ ಅತ್ಯುನ್ನತವೆಂದು ಎಣಿಸಲಾಗುವ ಕಾಲಿಯರ್ ಪಾರಿತೋಷಕವನ್ನು ೧೯೫೦ನೆಯ ಇಸವಿಗೆ ಯಾರಿಗೆ ಕೊಡಬೇಕೆಂಬ ಪ್ರಶ್ನೆಯು ಬಂದಿತು. ಹೆಸರಾದ ಒಬ್ಬ ಚಾಲಕನಿಗೋ ಒಬ್ಬ ಶಿಲ್ಪಿಗೋ ಕೊಟ್ಟು ಮುಗಿಸಬಹುದಾಗಿತ್ತು. ಆದರೆ ತೀರ್ಪುಗಾರರು ಅದನ್ನು ಹೆಲಿಕಾಪ್ಟರ್ ಉದ್ಯಮಕ್ಕೂ ಸೇನಾದಳಗಳಿಗೂ ಕರಾವಳಿ ರಕ್ಷಣಾದಳಕ್ಕೂ ಒಟ್ಟಾಗಿ ಕೊಟ್ಟರು. ಆಕಾಶಮಾರ್ಗದ ಪ್ರಾಣರಕ್ಷಣೆಗಾಗಿ ಈ ಯಂತ್ರವನ್ನು ಬೆಳೆಯಿಸಿ ಬಳಸಿದುದೇ ಅದಕ್ಕೆ ಕಾರಣವೆಂದು ಸಾರಿದರು. ನಕ್ಷೆ ಬರೆದವನು, ಲೋಹವನ್ನು ಕಡೆದವನು, ತಿರುಪು ಬಿಗಿದವನು, ಹಾರಿಸಿದವನು, ಹಗ್ಗ ಇಳಿಬಿಟ್ಟವನು ಇವರೆಲ್ಲರೂ ಒಂದೇ ಕಾರ್ಯದ ಅಂಗಗಳೆಂಬ ವಿವೇಕವು ಆ ತೀರ್ಪಿನಲ್ಲಿ ಅಡಗಿದೆ. ಗೌರವವನ್ನು ಹಂಚುವವರೆಲ್ಲರೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳತಕ್ಕುದೆಂದು ನಾವು ಭಾವಿಸುತ್ತೇವೆ.

ಆ ದೇಶದ ಹೆಲಿಕಾಪ್ಟರ್ ಸಂಘಗಳು ಈ ವಿವೇಕವನ್ನು ತಕ್ಕಮಟ್ಟಿಗೆ ಉಳಿಸಿಕೊಂಡು ಬಂದಿವೆ. ೧೯೪೩ರಲ್ಲಿ ಹುಟ್ಟಿ ಈಗ ವರ್ಟಿಕಲ್ ಫ್ಲೈಟ್ ಸೊಸೈಟಿ ಎಂದು ಹೆಸರಾಗಿರುವ ವಿದ್ವತ್ಸಂಘವು ಶಾಸ್ತ್ರಜ್ಞರನ್ನೂ ಚಾಲಕರನ್ನೂ ಬೇರೆ ಬೇರೆ ಪ್ರಶಸ್ತಿಗಳಿಂದ ಗೌರವಿಸುತ್ತದೆ. ೧೯೪೮ರಲ್ಲಿ ಸ್ಥಾಪಿತವಾಗಿ, ಬಹುಕಾಲ ಹೆಲಿಕಾಪ್ಟರ್ ಅಸೋಸಿಯೇಷನ್ ಇಂಟರ್‌ನ್ಯಾಷನಲ್ ಎಂಬ ಹೆಸರಿನಿಂದ ನಡೆದು, ೨೦೨೪ರಲ್ಲಿ ವರ್ಟಿಕಲ್ ಏವಿಯೇಷನ್ ಇಂಟರ್‌ನ್ಯಾಷನಲ್ ಎಂದು ಹೆಸರು ಬದಲಿಸಿದ ವ್ಯಾಪಾರ ಸಂಘವು ತನ್ನ ವಾರ್ಷಿಕ ಸಮ್ಮೇಳನದಲ್ಲಿ ಕೊಡುವ ಪ್ರಶಸ್ತಿಗಳಲ್ಲಿ ಚಾಲಕರ ಜತೆಗೆ ದುರಸ್ತಿಗಾರರಿಗೂ, ಸುರಕ್ಷತೆಯ ಕೆಲಸ ಮಾಡಿದವರಿಗೂ, ಪರೋಪಕಾರದ ಸೇವೆಗೂ ಸ್ಥಾನವಿದೆ. ಚಾರ್ಲ್ಸ್ ಟೇಲರ್ ಎಂಬುವರ ಹೆಸರಿನ ಇನ್ನೊಂದು ಗೌರವವನ್ನು ಅಮೇರಿಕ ಸರಕಾರದ ವಿಮಾನಯಾನ ಇಲಾಖೆಯೇ ಕೊಡುತ್ತದೆ. ರೈಟ್ ಸಹೋದರರ ೧೯೦೩ರ ವಿಮಾನಕ್ಕೆ ಸುಮಾರು ಆರು ವಾರಗಳಲ್ಲಿ ಇಂಜಿನನ್ನು ಮಾಡಿಕೊಟ್ಟ ಕಮ್ಮಟಗಾರನೇ ಈ ಟೇಲರ್. ರೈಟ್ ಸಹೋದರರ ಹೆಸರನ್ನು ಮಕ್ಕಳೂ ಬಲ್ಲರು. ಇಂಜಿನ್ ಮಾಡಿದವನು ಕೊನೆಗಾಲವನ್ನು ಬಡತನದಲ್ಲಿ ಕಳೆದು ೧೯೫೬ರಲ್ಲಿ ಕಣ್ಣು ಮುಚ್ಚಿದನು. ಈಗ ಐವತ್ತು ವರ್ಷ ನಿಷ್ಠೆಯಿಂದ ದುಡಿದ ಹಿರಿಯ ಮೆಕ್ಯಾನಿಕ್ಕುಗಳಿಗೆ ಆತನ ಹೆಸರಿನ ಪ್ರಶಸ್ತಿಯು ಸಲ್ಲುತ್ತಿದೆ. ಸತ್ತವನಿಗೆ ಅದರಿಂದ ಏನೂ ಬರಲಿಲ್ಲ. ಆದರೂ ಬದುಕಿರುವವರ ಕಣ್ಣಿಗೆ ಅವನ ಕಸುಬು ಬಿದ್ದಿತೆಂಬುದು ಚಿಕ್ಕ ಲಾಭವಲ್ಲ.

ದುರಸ್ತಿಗಾರನಿಗೆ ಇಷ್ಟು ಪ್ರಾಶಸ್ತ್ಯವೇಕೆಂದು ಕೇಳುವವರು ಈ ಯಂತ್ರದ ರಚನೆಯನ್ನು ಒಮ್ಮೆ ಗಮನಿಸಬೇಕು. ಸಾಧಾರಣ ವಿಮಾನದ ರೆಕ್ಕೆಯು ಕದಲದೆ ನಿಂತಿರುವುದು. ಇಂಜಿನು ನಿಂತರೂ ಅದು ಕೆಲಹೊತ್ತು ತೇಲಿಕೊಂಡು ಬರುವುದು. ಹೆಲಿಕಾಪ್ಟರಿಗೆ ಸುತ್ತುವುದೇ ರೆಕ್ಕೆ. ಇಂಜಿನು ನಿಂತರೂ ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದ ರೆಕ್ಕೆಗಳನ್ನು ಸುತ್ತಿಸುತ್ತಲೇ ನಿಪುಣನಾದ ಚಾಲಕನು ಇಳಿಯಬಲ್ಲನು. ಆದರೆ ಆ ರೆಕ್ಕೆಗಳನ್ನು ಹಿಡಿದಿರುವ ಭಾಗವೇ ಮುರಿದರೆ ಯಾವ ನೈಪುಣ್ಯವೂ ಒದಗದು. ಕಂಬದ ಸುತ್ತ ಒಂದರ ಮೇಲೊಂದು ಕೂರಿಸಿದ ಎರಡು ತಟ್ಟೆಗಳಿವೆ. ಇವಕ್ಕೆ ಸ್ವಾಶ್‌ಪ್ಲೇಟ್ ಎಂದು ಹೆಸರು. ಕೆಳಗಿನದು ಸುತ್ತದೆ, ಚಾಲಕನ ಕೈಯ ಹಿಡಿಯೊಡನೆ ವಾಲುವುದು. ಮೇಲಿನದು ಸುತ್ತುತ್ತಲೇ ಆ ವಾಲನ್ನು ಸಣ್ಣ ಸರಳುಗಳ ಮೂಲಕ ಪ್ರತಿಯೊಂದು ರೆಕ್ಕೆಗೂ ಮುಟ್ಟಿಸುವುದು. ಚಾಲಕನ ಇಚ್ಛೆಯು ರೆಕ್ಕೆಗೆ ತಲಪುವ ದಾರಿಯು ಇದೊಂದೇ. ಕೆಲವು ಮಾದರಿಗಳಲ್ಲಿ ಮೇಲಿನ ಚಕ್ರವನ್ನು ಕಂಬಕ್ಕೆ ಹಿಡಿದಿಡುವುದು ಒಂದೇ ಒಂದು ದೊಡ್ಡ ನಟ್ಟು. ಅದು ಕಳಚಿದರೆ ದೇವರನ್ನು ಕರೆಯುವುದಲ್ಲದೆ ಬೇರೆ ಗತಿಯಿಲ್ಲವೆಂಬ ಅರ್ಥದಲ್ಲಿ ಅಮೇರಿಕದ ಸೈನಿಕರು ಅದಕ್ಕೆ ಯೇಸುವಿನ ಹೆಸರನ್ನೇ ಇಟ್ಟರು. ಆ ನಟ್ಟನ್ನು ಬಿಗಿದು, ಬಿಗಿದುದನ್ನು ಅಳೆದು, ಅಳೆದುದನ್ನು ಪುಸ್ತಕದಲ್ಲಿ ಬರೆದು ರುಜು ಹಾಕುವವನು ಯಾವ ಛಾಯಾಚಿತ್ರದಲ್ಲಿಯೂ ಕಾಣಿಸುವುದಿಲ್ಲ.

೨೦೧೧ನೆಯ ಇಸವಿ ಡಿಸೆಂಬರ್ ೭ರಂದು ಅಮೇರಿಕದ ಲಾಸ್ ವೇಗಸ್ ಸಮೀಪದ ಬೆಟ್ಟಗಳಲ್ಲಿ ಪ್ರವಾಸಿಗಳ ಹೆಲಿಕಾಪ್ಟರೊಂದು ಬಿದ್ದು ಐವರು ಮಡಿದರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯವರು ವಿಚಾರಣೆ ನಡೆಸಿ ಕೊಟ್ಟ ತೀರ್ಮಾನವನ್ನು ಪ್ರತಿಯೊಬ್ಬ ಯಜಮಾನನೂ ಓದತಕ್ಕುದಾಗಿದೆ. ಸವೆದ ಒಂದು ನಟ್ಟನ್ನು ಮತ್ತೆ ಬಳಸಿದ್ದರು. ಅದು ಕಳಚದಂತೆ ಹಾಕಬೇಕಾಗಿದ್ದ ಸಣ್ಣ ಸೀಳುಪಿನ್ನನ್ನು ಹಾಕಿರಲಿಲ್ಲ ಇಲ್ಲವೇ ಸರಿಯಾಗಿ ಹಾಕಿರಲಿಲ್ಲ. ಬಳಿಕ ಪರೀಕ್ಷಿಸಿದವರಿಗೂ ಅದು ಕಾಣಲಿಲ್ಲ. ಮೆಕ್ಯಾನಿಕನೂ ಪರೀಕ್ಷಕನೂ ಆಯಾಸದಿಂದ ಬಳಲಿದ್ದುದು ಇದಕ್ಕೆ ನೆರವಾದ ಕಾರಣವೆಂದು ಮಂಡಲಿಯು ಹೇಳಿತು. ಬೆರಳುದ್ದದ ಪಿನ್ನಿಗೂ ಒಬ್ಬ ಕೆಲಸಗಾರನ ನಿದ್ದೆಗೂ ಐದು ಪ್ರಾಣಗಳ ಬೆಲೆಯಿತ್ತು. ಆ ಪಿನ್ನನ್ನು ದಿನವೂ ತಪ್ಪದೆ ಹಾಕುವ ಸಾವಿರಾರು ಜನರ ವಿಷಯದಲ್ಲಿ ಏನೂ ಅನಾಹುತವಾಗುವುದಿಲ್ಲ. ಏನೂ ಆಗದುದು ಪತ್ರಿಕೆಯ ಸುದ್ದಿಯಾಗುವುದಿಲ್ಲ. ಸುದ್ದಿಯಾಗದವರು ಸನ್ಮಾನದ ಪಟ್ಟಿಗೆ ಸೇರುವುದಿಲ್ಲ. ಈ ಅನ್ಯಾಯವನ್ನು ಸರಿಪಡಿಸುವುದೇ ಗೌರವ ಸಮಿತಿಗಳ ಮೊದಲನೆಯ ಕರ್ತವ್ಯ.

ಎರಡನೆಯ ಕರ್ತವ್ಯವು ಇದಕ್ಕಿಂತಲೂ ಕಠಿಣವಾದುದು. ಹಾರಾಟವನ್ನು ತಡೆದವನನ್ನು ಗೌರವಿಸುವುದೇ ಅದು. ನಮ್ಮ ಊರುಗಳ ರಥೋತ್ಸವದಲ್ಲಿ ತೇರಿನ ಮೇಲಿನ ಕಳಶವನ್ನೂ ಒಳಗಿನ ಉತ್ಸವಮೂರ್ತಿಯನ್ನೂ ಎಲ್ಲರೂ ನೋಡುವರು. ಹಗ್ಗ ಹಿಡಿದವರ ಉತ್ಸಾಹವು ಮುಗಿಲು ಮುಟ್ಟುವುದು. ಗಾಲಿಯ ಪಕ್ಕದಲ್ಲಿಯೇ ಬಗ್ಗಿ ನಡೆಯುತ್ತ, ಸಮಯಕ್ಕೆ ಸರಿಯಾಗಿ ಮರದ ತುಂಡನ್ನು ಗಾಲಿಯಡಿಗೆ ಒಡ್ಡಿ ತೇರನ್ನು ತಡೆಯುವವನ ಮೇಲೆ ಕಣ್ಣಿಡುವವರು ವಿರಳ. ಆದರೆ ಅವನೊಬ್ಬನು ಕೈತಪ್ಪಿದರೆ ಉತ್ಸವವು ಸೂತಕವಾಗುವುದು.

ನೆಟ್ಟಗೆ ಇಳಿಯಬಲ್ಲುದೇ ಹೆಲಿಕಾಪ್ಟರಿನ ವಿಶೇಷ ಗುಣ. ಅದಕ್ಕೆ ದೊಡ್ಡ ವಿಮಾನ ನಿಲ್ದಾಣವು ಬೇಡ. ಹೊಲವಾಗಲಿ, ಶಾಲೆಯ ಅಂಗಳವಾಗಲಿ, ನದಿಯ ಮರಳಾಗಲಿ ಸಾಕು. ಹೀಗಿದ್ದರೂ ಮೋಡಕ್ಕೆ ಸಿಕ್ಕಿ, ದಾರಿ ಕಾಣದೆ, ಬೆಟ್ಟಕ್ಕೆ ಬಡಿದು ಹೆಲಿಕಾಪ್ಟರುಗಳು ನಾಶವಾಗುತ್ತಲೇ ಇವೆ. ಮೇಲೆ ಹೇಳಿದ ಅಮೇರಿಕದ ವ್ಯಾಪಾರ ಸಂಘಕ್ಕೆ ೨೦೦೫ರಿಂದ ಹಲವು ವರ್ಷ ಅಧ್ಯಕ್ಷರಾಗಿದ್ದ ಮ್ಯಾಟ್ ಜುಕ್ಕಾರೋ ಎಂಬುವರು ಇದನ್ನು ಕಂಡು ಮರುಗಿ, ‘ಲ್ಯಾಂಡ್ ಅಂಡ್ ಲಿವ್’, ಎಂದರೆ ಇಳಿದು ಬದುಕಿಕೊಳ್ಳಿ ಎಂಬ ಚಳವಳಿಯನ್ನೇ ಹೂಡಿದರು. ಸಂಶಯವು ತಲೆದೋರಿದೊಡನೆ ಯಾವುದಾದರೊಂದು ಬಯಲಿನಲ್ಲಿ ಇಳಿದು ಕುಳಿತರೆ ಹೋಗುವುದು ಒಂದಿಷ್ಟು ಹೊತ್ತು ಮಾತ್ರವೆಂಬುದು ಅವರ ವಾದ. ೨೦೨೦ನೆಯ ಇಸವಿ ಜನವರಿ ೨೬ರಂದು ಕ್ಯಾಲಿಫೋರ್ನಿಯದಲ್ಲಿ ಪ್ರಸಿದ್ಧ ಕ್ರೀಡಾಪಟು ಕೋಬಿ ಬ್ರಯಂಟರೂ ಅವರ ಮಗಳೂ ಸೇರಿ ಒಂಬತ್ತು ಮಂದಿ ಮಡಿದ ದುರಂತವನ್ನು ವಿಚಾರಿಸಿದ ಮಂಡಲಿಯು, ಕಣ್ಣಿನ ನೋಟವನ್ನೇ ನಂಬಿ ಹಾರಬೇಕಾದ ಚಾಲಕನು ಮೋಡದೊಳಕ್ಕೆ ಮುಂದುವರಿದುದೇ ಕಾರಣವೆಂದು ನಿರ್ಣಯಿಸಿತು. ತನ್ನ ಪ್ರಯಾಣಿಕನನ್ನು ಹೇಗಾದರೂ ತಲಪಿಸಬೇಕೆಂದು ಆತನು ತನ್ನ ಮೇಲೆ ತಾನೇ ಹೇರಿಕೊಂಡಿದ್ದಿರಬಹುದಾದ ಒತ್ತಾಯವನ್ನೂ ಅದು ಕಾರಣಗಳಲ್ಲಿ ಎಣಿಸಿತು. ಹೊರಗಿನವರು ಯಾರೂ ಒತ್ತದಿದ್ದರೂ, ಹಿಂತಿರುಗುವುದನ್ನು ಅವಮಾನವೆಂದು ಕಲಿಸುವ ವಾತಾವರಣವೇ ಮನುಷ್ಯನನ್ನು ಒತ್ತುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಇಂಥ ಪಾಠಗಳಿಗೆ ಕೊರತೆಯಿಲ್ಲ. ಕೇದಾರನಾಥದ ಯಾತ್ರಿಕರನ್ನು ಹೊತ್ತ ಹೆಲಿಕಾಪ್ಟರೊಂದು ೨೦೨೨ನೆಯ ಇಸವಿ ಅಕ್ಟೋಬರ್ ೧೮ರಂದು ಬಿದ್ದು ಏಳು ಮಂದಿ ತೀರಿಕೊಂಡರು. ೨೦೨೫ನೆಯ ಇಸವಿ ಜೂನ್ ೧೫ರಂದು ಅದೇ ದಾರಿಯಲ್ಲಿ ಗೌರೀಕುಂಡದ ಸಮೀಪ ಇನ್ನೊಂದು ಬಿದ್ದು ಮತ್ತೆ ಏಳು ಮಂದಿ ತೀರಿಕೊಂಡರು. ಅವರಲ್ಲೊಂದು ಎರಡು ವರ್ಷವೂ ತುಂಬದ ಹಸುಳೆ. ಕೂಡಲೇ ಅಲ್ಲಿ ಹಾರಾಟಗಳನ್ನು ನಿಲ್ಲಿಸಿದರು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು ಇದು. ೨೦೨೧ನೆಯ ಇಸವಿ ಡಿಸೆಂಬರ್ ೮ರಂದು ಕೂನೂರಿನ ಬಳಿ ಸೇನಾಪ್ರಮುಖ ಜನರಲ್ ಬಿಪಿನ್ ರಾವತರಿದ್ದ ಹೆಲಿಕಾಪ್ಟರ್ ಬಿದ್ದ ಪ್ರಕರಣದಲ್ಲಿ, ಕಣಿವೆಯಲ್ಲಿ ಹವೆಯು ಅನಿರೀಕ್ಷಿತವಾಗಿ ಬದಲಾಗಿ, ಯಂತ್ರವು ಮೋಡದೊಳಗೆ ಹೊಕ್ಕು ಚಾಲಕನಿಗೆ ದಿಕ್ಕುತಪ್ಪಿತೆಂದು ವಿಚಾರಣೆಯಲ್ಲಿ ಕಂಡುಬಂದಿತು. ಹದಿನಾಲ್ಕು ಮಂದಿಯನ್ನು ದೇಶವು ಕಳೆದುಕೊಂಡಿತು. ಅನುಭವಿಗಳಾದ ಚಾಲಕರನ್ನೂ ಮೋಡವು ಬಿಡುವುದಿಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಲ್ಲಿ ನಮ್ಮ ವಾಚಕರಲ್ಲಿ ಅಧಿಕಾರಸ್ಥರಾದವರಿಗೆ ಒಂದು ಮಾತನ್ನು ವಿನಯಪೂರ್ವಕವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಲೋಕಸಭೆಯ ಅಧ್ಯಕ್ಷರಾಗಿದ್ದ ಜಿ. ಎಂ. ಸಿ. ಬಾಲಯೋಗಿಯವರು ೨೦೦೨ನೆಯ ಇಸವಿ ಮಾರ್ಚ್ ೩ರಂದೂ, ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ. ಎಸ್. ರಾಜಶೇಖರ ರೆಡ್ಡಿಯವರು ೨೦೦೯ನೆಯ ಇಸವಿ ಸೆಪ್ಟೆಂಬರ್ ೨ರಂದೂ, ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಅವರು ೨೦೧೧ನೆಯ ಇಸವಿ ಏಪ್ರಿಲ್ ೩೦ರಂದೂ ಹೆಲಿಕಾಪ್ಟರ್ ಅಪಘಾತಗಳಲ್ಲಿಯೇ ಅಸುನೀಗಿದರು. ಇವರಲ್ಲಿ ಯಾರಾದರೂ ಚಾಲಕರನ್ನು ಒತ್ತಾಯಿಸಿದರೆಂದು ನಾವು ಹೇಳುವುದಿಲ್ಲ. ಆದರೆ ಸಭೆಗೆ ಹೊತ್ತಾಯಿತು, ಜನರು ಕಾದಿದ್ದಾರೆ ಎಂಬ ಮಾತು ದೊಡ್ಡವರ ಬಾಯಿಂದ ಬಂದಾಗ, ಸಂಬಳಕ್ಕೆ ದುಡಿಯುವ ಚಾಲಕನು ‘ಆಗದು, ಸ್ವಾಮಿ’ ಎನ್ನುವುದಕ್ಕೆ ಎಂಟೆದೆ ಬೇಕು. ಹಾಗೆಂದವನು ಮರುದಿನ ಬೈಗುಳವನ್ನೋ ವರ್ಗಾವಣೆಯನ್ನೋ ಅನುಭವಿಸಬೇಕಾದರೆ, ಅದರ ಮಾರನೆಯ ದಿನ ಇನ್ನಾರೂ ಹಾಗೆನ್ನಲಾರರು. ಅಂಥವನಿಗೆ ಬಹಿರಂಗ ಸಭೆಯಲ್ಲಿ ಶಾಲು ಹೊದಿಸಿದರೆ ನಾಡಿನ ಎಲ್ಲ ಚಾಲಕರಿಗೂ ಧೈರ್ಯವು ಬರುವುದು. ದೊಡ್ಡವರಿಗೂ ತಮ್ಮ ಮಿತಿಯು ತಿಳಿಯುವುದು. ಗೌರವದಿಂದ ಆಗುವ ಪ್ರಯೋಜನವು ಇಂಥದು.

ಈಗ ನಮ್ಮ ನಾಡಿನ ಕಡೆಗೆ ಬರೋಣ. ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರಕಾರದ ಬೆಂಬಲದಿಂದಲೂ ೧೯೪೦ನೆಯ ಇಸವಿ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯು ಇಂದು ಹಿಂದುಸ್ತಾನ್ ಏರೋನಾಟಿಕ್ಸ್ ಆಗಿ ಬೆಳೆದಿದೆ. ಫ್ರಾನ್ಸಿನ ಪರವಾನಿಗೆಯಿಂದ ೧೯೬೦ರ ದಶಕದಲ್ಲಿ ಚೇತಕ್ ಹೆಲಿಕಾಪ್ಟರನ್ನೂ, ಬಳಿಕ ಚೀತಾ ಎಂಬುದನ್ನೂ ಇಲ್ಲಿಯೇ ತಯಾರಿಸತೊಡಗಿದರು. ೧೯೮೪ನೆಯ ಇಸವಿ ಏಪ್ರಿಲ್ ೧೩ರಂದು ಸಿಯಾಚಿನ್ ಹಿಮನದಿಯ ಬಿಲಾಫೋಂಡ್ ಕಣಿವೆಗೆ ನಮ್ಮ ಸೈನಿಕರನ್ನು ಇಳಿಸಿದುದು ಚೀತಾ. ಅಂದಿನಿಂದ ಉಸಿರಾಡುವುದಕ್ಕೂ ಗಾಳಿ ಸಾಲದ ಆ ಎತ್ತರದಲ್ಲಿ ಅಕ್ಕಿ, ಸೀಮೆಎಣ್ಣೆ, ಔಷಧಗಳನ್ನು ಮುಟ್ಟಿಸಿ, ರೋಗಿಗಳನ್ನು ಕೆಳಗೆ ತರುವ ಕೆಲಸಕ್ಕೆ ಇಂಥ ಯಂತ್ರಗಳೇ ಆಸರೆ. ತರುವಾಯ ನಮ್ಮವರೇ, ಜರ್ಮನ್ ಸಂಸ್ಥೆಯೊಂದರ ಸಲಹೆಯೊಡನೆ, ರೂಪಿಸಿದ ಧ್ರುವ ಹೆಲಿಕಾಪ್ಟರು ೧೯೯೨ನೆಯ ಇಸವಿ ಆಗಸ್ಟ್ ೨೦ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಅದರಿಂದ ಬೆಳೆದು ೨೦೧೦ನೆಯ ಇಸವಿ ಮಾರ್ಚ್ ೨೯ರಂದು ಮೊದಲು ಹಾರಿದ ಯುದ್ಧ ಹೆಲಿಕಾಪ್ಟರು ೨೦೨೨ನೆಯ ಇಸವಿ ಅಕ್ಟೋಬರ್ ೩ರಂದು ಪ್ರಚಂಡ ಎಂಬ ಹೆಸರಿನಿಂದ ವಾಯುಸೇನೆಯನ್ನು ಸೇರಿತು. ಇದರ ನಡುವೆ ಸಂದ ವರ್ಷಗಳನ್ನು ಎಣಿಸಿ ನೋಡಿದರೆ ಎಷ್ಟು ಜನರ ಯೌವನವು ಆ ಗೋಡೆಗಳೊಳಗೆ ಸದ್ದಿಲ್ಲದೆ ಸವೆದಿರಬೇಕೆಂಬುದು ಅರಿವಾಗುವುದು.

ಈ ಯಂತ್ರಗಳ ಉಪಕಾರವನ್ನು ನಮ್ಮ ಜನರು ಕಣ್ಣಾರೆ ಕಂಡಿದ್ದಾರೆ. ೨೦೧೯ರ ಆಗಸ್ಟಿನ ಪ್ರವಾಹದಲ್ಲಿ ಹಂಪಿಯ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗಳನ್ನು ಹೆಲಿಕಾಪ್ಟರಿನಿಂದ ಹೊರತರಲಾಯಿತು. ೨೦೨೨ನೆಯ ಇಸವಿ ಫೆಬ್ರವರಿ ೨೦ರಂದು ನಂದಿಬೆಟ್ಟದ ಸೀಮೆಯಲ್ಲಿ ಬಂಡೆಯಿಂದ ಜಾರಿಬಿದ್ದ ತರುಣ ವಿದ್ಯಾರ್ಥಿಯೊಬ್ಬನನ್ನು ಯಲಹಂಕದಿಂದ ಬಂದ ವಾಯುಸೇನೆಯ ಹೆಲಿಕಾಪ್ಟರು ಎತ್ತಿಕೊಂಡಿತು. ನೆರೆಯ ಕೇರಳದಲ್ಲಿ ೨೦೧೮ನೆಯ ಇಸವಿ ಆಗಸ್ಟ್ ೧೭ರಂದು ಪ್ರವಾಹದ ನಡುವೆ ಹೆರಿಗೆಯ ನೋವು ಬಂದಿದ್ದ ತಾಯಿಯನ್ನು ನೌಕಾಸೇನೆಯವರು ಹಗ್ಗದಿಂದ ಮೇಲಕ್ಕೆ ಸೇದಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು; ಆಕೆಗೆ ಅಲ್ಲಿ ಗಂಡುಮಗುವಾಯಿತು. ಹಾಗೆಯೇ ಜನರನ್ನು ಕಾಪಾಡಿದ ಇನ್ನೊಂದು ಮನೆಯ ತಾರಸಿಯ ಮೇಲೆ ಕೃತಜ್ಞತೆಯ ಮಾತನ್ನು ಆಕಾಶಕ್ಕೆ ಕಾಣುವಂತೆ ಬಣ್ಣದಲ್ಲಿ ಬರೆದಿದ್ದರು. ಇಂಥ ಕೆಲಸದಲ್ಲಿ ಪ್ರಾಣ ತೆತ್ತವರೂ ಉಂಟು. ೨೦೧೩ನೆಯ ಇಸವಿ ಜೂನ್ ೨೫ರಂದು ಉತ್ತರಾಖಂಡದ ರಕ್ಷಣಾಕಾರ್ಯದಲ್ಲಿ ತೊಡಗಿದ್ದ ವಾಯುಸೇನೆಯ ಹೆಲಿಕಾಪ್ಟರು ಗೌರೀಕುಂಡದ ಬಳಿ ಬಿದ್ದು ಇಪ್ಪತ್ತು ಮಂದಿ ಮಡಿದರು. ಕಾಲ ಬಂದಾಗ ಪ್ರಾಣದ ಹಂಗು ತೊರೆದು ಹಾರಿದ ಇಂಥವರಿಗೆ ಶೌರ್ಯಪದಕಗಳು ಸಲ್ಲುವುದು ನ್ಯಾಯವೇ. ಅದರಲ್ಲಿ ಎಳ್ಳಷ್ಟನ್ನೂ ಕಡಮೆ ಮಾಡಬೇಕೆಂದು ನಮ್ಮ ವಾದವಲ್ಲ. ಆ ತಾರಸಿಯ ಮೇಲಿನ ಬರಹವು ಹಿಂದಿನ ರಾತ್ರಿ ದೀಪ ಹಿಡಿದು ಅದೇ ಯಂತ್ರದ ಸರಳುಗಳನ್ನು ತಡವಿ ನೋಡಿದವನಿಗೂ ಸೇರಬೇಕೆಂಬುದೇ ನಮ್ಮ ವಾದ.

ಯಂತ್ರವನ್ನು ತಡೆದು ನಿಲ್ಲಿಸುವುದರಲ್ಲಿಯೂ ಎಂಥ ಧೈರ್ಯವು ಬೇಕೆಂಬುದಕ್ಕೆ ನಮ್ಮದೇ ಧ್ರುವವು ನಿದರ್ಶನ. ೨೦೨೫ನೆಯ ಇಸವಿ ಜನವರಿ ೫ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾದಳದ ಧ್ರುವವು ಬಿದ್ದು ಮೂವರು ತೀರಿಕೊಂಡರು. ನಾವು ಮೇಲೆ ವಿವರಿಸಿದ ಸ್ವಾಶ್‌ಪ್ಲೇಟು ಮುರಿದಿದ್ದುದು ಪರಿಶೀಲನೆಯಲ್ಲಿ ಕಂಡುಬಂದಿತು. ಆ ಕೂಡಲೇ ಮೂರು ಸೇನೆಗಳಲ್ಲಿಯೂ ಕರಾವಳಿ ದಳದಲ್ಲಿಯೂ ಇದ್ದ ಮುನ್ನೂರಕ್ಕೂ ಮೇಲ್ಪಟ್ಟ ಧ್ರುವಗಳ ಹಾರಾಟವನ್ನು ನಿಲ್ಲಿಸಲಾಯಿತು. ಭೂಸೇನೆ ಮತ್ತು ವಾಯುಸೇನೆಗಳ ಧ್ರುವಗಳು ಕೂಡ ತಿಂಗಳುಗಟ್ಟಲೆ ನೆಲದ ಮೇಲೆಯೇ ನಿಂತಿದ್ದುವು. ಗಡಿಯ ಕಾವಲಿಗೂ ಪರ್ವತದ ನೆಲೆಗಳಿಗೂ ಇದರಿಂದಾದ ತೊಂದರೆಯು ಅಲ್ಪವಲ್ಲ. ಸ್ವದೇಶದ ಯಂತ್ರವೆಂಬ ಅಭಿಮಾನವು ಕುಂದಿತೆಂದು ಕೆಲವರು ಹಳಹಳಿಸಿದರು. ನಾವಾ ಮತವನ್ನು ಒಪ್ಪುವುದಿಲ್ಲ. ತಪ್ಪನ್ನು ಮುಚ್ಚಿಟ್ಟು ಹಾರಿಸುವುದರಿಂದ ಸ್ವದೇಶಾಭಿಮಾನವು ಬೆಳೆಯದು; ತಪ್ಪು ಎಲ್ಲಿದೆಯೆಂದು ಭೂತಗನ್ನಡಿ ಹಿಡಿದು ಹುಡುಕಿ, ಅದನ್ನು ಹೆಸರಿಟ್ಟು ಹೇಳುವವನೇ ಸ್ವದೇಶಿಯ ನಿಜವಾದ ಬಂಧು. ಅಂಥ ಪರೀಕ್ಷಕರು ನಮ್ಮಲ್ಲಿ ಹೆಚ್ಚಬೇಕಾದರೆ ಅವರ ಮಾತಿಗೆ ಬೆಲೆಯೂ ಅವರ ಹೆಸರಿಗೆ ಗೌರವವೂ ಇರಬೇಕು.

ಹಾರದೆ ಉಳಿದುದನ್ನು ಅಳೆಯುವುದು ಹೇಗೆ, ಇದರಿಂದ ಹೇಡಿಗಳಿಗೂ ಸೋಮಾರಿಗಳಿಗೂ ಪ್ರಶಸ್ತಿ ಕೊಟ್ಟಂತಾಗದೆ ಎಂದು ಆಕ್ಷೇಪಿಸುವವರಿರಬಹುದು. ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಆದರೆ ವಿಮಾನದ ಕಸುಬಿನಲ್ಲಿ ಪ್ರತಿಯೊಂದು ಹಾರಾಟಕ್ಕೂ ಪ್ರತಿಯೊಂದು ದುರಸ್ತಿಗೂ ದಾಖಲೆಯ ಪುಸ್ತಕಗಳಿವೆ. ಯಾವ ಹವೆಯಲ್ಲಿ, ಯಾವ ಕಾರಣದಿಂದ ಹಾರಾಟವನ್ನು ಬಿಟ್ಟನೆಂಬುದೂ, ಯಾವ ಬಿರುಕನ್ನು ಯಾರು ಕಂಡುಹಿಡಿದರೆಂಬುದೂ ಅವುಗಳಿಂದ ಗೊತ್ತಾಗಬಲ್ಲುದು. ಮೇಲಾಗಿ, ಜತೆಯಲ್ಲಿ ದುಡಿಯುವವರಿಗೆ ಹೇಡಿ ಯಾರು, ವಿವೇಕಿ ಯಾರು ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಅವರ ಸಾಕ್ಷ್ಯವನ್ನು ಪಡೆದರೆ ಆಯ್ಕೆಯು ಕಷ್ಟವಾಗದು.

ಆದುದರಿಂದ ಕೆಲವು ಸೂಚನೆಗಳನ್ನು ಸರಕಾರದವರ ಮುಂದೂ ಉದ್ಯಮದ ಮುಖಂಡರ ಮುಂದೂ ಇಡುತ್ತೇವೆ. ಧ್ರುವವು ಮೊದಲು ಹಾರಿದ ಆಗಸ್ಟ್ ೨೦ರಂದು ವರ್ಷ ವರ್ಷವೂ ಬೆಂಗಳೂರಿನಲ್ಲಿಯೋ ತುಮಕೂರಿನಲ್ಲಿಯೋ ಹೆಲಿಕಾಪ್ಟರ್ ಕಸುಬಿನವರನ್ನು ಗೌರವಿಸುವ ಸಾರ್ವಜನಿಕ ಸಭೆಯು ಏರ್ಪಡಲಿ. ರಾಜ್ಯ ಸರಕಾರ, ಹಿಂದುಸ್ತಾನ್ ಏರೋನಾಟಿಕ್ಸ್, ಏರೋನಾಟಿಕಲ್ ಸೊಸೈಟಿ ಆಫ್ ಇಂಡಿಯಾ ಮೊದಲಾದ ಸಂಸ್ಥೆಗಳು ಕೂಡಿ ಇದನ್ನು ನಡೆಯಿಸಲಿ. ಚಾಲಕ, ಶಿಲ್ಪಿ, ದುರಸ್ತಿಗಾರ, ಪರೀಕ್ಷಕ, ಶಿಕ್ಷಕ ಇವರಿಗೆ ಸಮಾನವಾದ ಪದಕವಿರಲಿ. ಒಬ್ಬರಿಗೆ ಬಂಗಾರ, ಒಬ್ಬರಿಗೆ ಹಿತ್ತಾಳೆ ಎಂಬ ಭೇದವು ಬೇಡ. ಅಪಾಯವನ್ನರಿತು ಹಾರಾಟವನ್ನು ತಡೆದವರಿಗೆ ಪ್ರತ್ಯೇಕವಾದ ಒಂದು ಪದಕವಿರಲಿ. ಆಯ್ಕೆಯ ಸಮಿತಿಯಲ್ಲಿ ಕಾರ್ಖಾನೆಯ ನೆಲದಲ್ಲಿ ದುಡಿದವರೂ ಇರಲಿ. ನಿವೃತ್ತಿಯ ದಿನದ ಹಾರವೆಂದು ಇದನ್ನು ಮಾಡದೆ, ಕೆಲಸದಲ್ಲಿರುವಾಗಲೇ ಕೊಡಲಿ. ಕಿರಿಯರು ನೋಡಿ ಕಲಿಯುವುದು ಆಗಲೇ. ಗೌರವ ಪಡೆದವರ ಹೆಸರುಗಳನ್ನು ಬೆಂಗಳೂರಿನ ಎಚ್. ಎ. ಎಲ್. ವಸ್ತುಸಂಗ್ರಹಾಲಯದಲ್ಲಿ, ಅವರು ಮಾಡಿದ ಯಂತ್ರಗಳ ಪಕ್ಕದಲ್ಲಿಯೇ, ಕನ್ನಡದಲ್ಲಿ ಕೆತ್ತಿಸಲಿ. ಶಾಲೆಯ ಮಕ್ಕಳು ಅಲ್ಲಿಗೆ ಹೋದಾಗ ಯಂತ್ರದೊಡನೆ ಮನುಷ್ಯರನ್ನೂ ಕಾಣಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಕೂಡದು. ವರ್ಷಕ್ಕೊಮ್ಮೆ ಪದಕ ಕೊಟ್ಟು, ಉಳಿದ ದಿನಗಳಲ್ಲಿ ಕೆಲಸಗಾರನನ್ನು ನಿದ್ದೆಗೆಡಿಸಿ ದುಡಿಸುವುದೂ, ದೋಷವನ್ನು ತೋರಿಸಿದವನನ್ನು ಮೂಲೆಗೆ ತಳ್ಳುವುದೂ ನಡೆದರೆ ಆ ಪದಕವು ಅಪಹಾಸ್ಯವಾಗುವುದು. ಸಾಕಷ್ಟು ವಿಶ್ರಾಂತಿ, ಒಳ್ಳೆಯ ಉಪಕರಣ, ಅಂಜದೆ ವರದಿ ಮಾಡುವ ಸ್ವಾತಂತ್ರ್ಯ ಇವು ಮೊದಲನೆಯ ಮನ್ನಣೆ. ಶಾಲು ಮತ್ತು ಫಲಕಗಳು ಅದರ ಮೇಲಣ ಕಳಶ. ಬುಡವಿಲ್ಲದೆ ಕಳಶವು ನಿಲ್ಲದು.

ಹಿತ್ತಿಲ ಗಿಡ ಮದ್ದಲ್ಲವೆಂಬ ನಮ್ಮ ಹಳೆಯ ಗಾದೆಯು ಈ ವಿಷಯದಲ್ಲಿ ನಿಜವಾಗದಿರಲಿ. ಪರದೇಶದ ವೀರರ ಹೆಸರುಗಳನ್ನು ಬಾಯಿಪಾಠ ಹೇಳುವ ನಾವು, ನಮ್ಮ ಊರಿನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಬುತ್ತಿ ಹಿಡಿದು ಹೋಗುವವನಲ್ಲಿಯೂ ಅದೇ ಜಾತಿಯ ಶ್ರೇಷ್ಠತೆಯಿರಬಹುದೆಂದು ತಿಳಿಯಬೇಕು. ತುಮಕೂರಿನ ಕಾರ್ಖಾನೆಗೆ ಈಗ ಸೇರುತ್ತಿರುವ ತರುಣರು ಮುಂದಿನ ಮೂವತ್ತು ವರ್ಷಗಳ ಯಂತ್ರಗಳನ್ನು ಕಟ್ಟುವವರು. ವೇಗವಾಗಿ ಮುಗಿಸಿದವನನ್ನು ಮೆಚ್ಚುವ ನಾಡೋ, ಸರಿಯಾಗಿ ಮುಗಿಸಿದವನನ್ನು ಮೆಚ್ಚುವ ನಾಡೋ ತಮ್ಮದೆಂಬುದನ್ನು ಅವರು ನಮ್ಮ ನಡತೆಯಿಂದಲೇ ತಿಳಿಯುವರು. ಅಧಿಕಾರಿಗಳೂ ಪೌರರೂ ಈ ಕಾರ್ಯಕ್ಕೆ ಮನಸ್ಸು ಮಾಡಿ, ಬರುವ ಆಗಸ್ಟ್ ೨೦ರ ಒಳಗಾಗಿಯೇ ಮೊದಲನೆಯ ಹೆಜ್ಜೆಯನ್ನಿಡುವರೆಂದು ನಾವು ಹಾರೈಸುತ್ತೇವೆ.